ನಿಮ್ಮ ತಕರಾರು ಸರಿ ಇದೆ, ವಿಳಾಸ ತಪ್ಪಿದೆ

ಪ್ರಶ್ನೆ: ನನಗೆ 46 ವರ್ಷ. ಊರು ಹುಬ್ಬಳ್ಳಿ. ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಮನೆಯಲ್ಲಿ ಗಂಡ, ಪಿಯುಸಿ ಓದುವ ಮಗಳು, ಲಕ್ವ ಹೊಡೆದು ಎರಡು ವರ್ಷದಿಂದ ಹಾಸಿಗೆ ಹಿಡಿದ ಅತ್ತೆ ಇದ್ದಾರೆ. ಮೈದುನ ಬೆಂಗಳೂರಿನಲ್ಲಿದ್ದಾನೆ. ವಾರಕ್ಕೊಮ್ಮೆ ಫೋನ್ ಮಾಡಿ "ಅವ್ವ ಹೆಂಗದಾಳ್ರಿ ವೈನಿ" ಎಂದು ಕೇಳಿದರೆ ಅವನ ಕೆಲಸ ಮುಗಿಯಿತು. ನಮ್ಮ ಓಣಿಗೆ ನೀರು ಬರುವುದು ವಾರಕ್ಕೊಮ್ಮೆ, ಅದೂ ರಾತ್ರಿ. ಎದ್ದು ಟಾಕಿ ತುಂಬಿಸುವವಳು ನಾನೇ. ಕಳೆದ ತಿಂಗಳು ಮಗಳು "ಅವ್ವಾ, ನೀ ಬಾಯಿ ತಗದ್ರ ಬರೇ ತಕರಾರ" ಎಂದಳು. ಎದೆಗೆ ನಾಟಿತು. ಆಫೀಸಿನಲ್ಲೂ ನಾನು ಡಬ್ಬಿ ತೆಗೆದು ಊಟಕ್ಕೆ ಕೂತರೆ ಗೆಳತಿಯರು ಮೊಬೈಲ್ ನೋಡಲು ಶುರು ಮಾಡುತ್ತಾರೆ. ಗಂಡ "ಕುಣೀಲಿಕ್ಕೆ ಬರದಾಕಿ ನೆಲ ಡೊಂಕ ಅಂದ್ಳಂತ" ಎಂದು ನಗುತ್ತಾರೆ. ಅರ್ಧ ಗಂಟೆ ಗೊಣಗಿದರೆ ಮೆದುಳು ಕುಗ್ಗುತ್ತದೆ ಎಂದು ವಾಟ್ಸಾಪ್‌ನಲ್ಲಿ ಓದಿದೆ. ಕೈಗೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳಿ, ಗೊಣಗಿದಾಗೆಲ್ಲ ಇನ್ನೊಂದು ಕೈಗೆ ಬದಲಿಸಿ, ಬದಲಿಸದೆ 21 ದಿನ ದಾಟಿದರೆ ಗೆದ್ದಿರಿ ಎಂದೂ ಇತ್ತು. ಎರಡನೇ ದಿನ ಸಂಜೆಯೊಳಗೆ 11 ಸಲ ಕೈ ಬದಲಿಸಿ, ಕಿತ್ತು ಒಗೆದೆ. ನನ್ನ ಮೆದುಳಿಗೆ ನಿಜವಾಗಿ ಪೆಟ್ಟಾಗಿದೆಯೇ? ನಾನು ನೆಗೆಟಿವ್ ಮನುಷ್ಯಳೇ? ಗೊಣಗುವುದು ಬಿಟ್ಟು ಪಾಸಿಟಿವ್ ಆಗುವುದು ಹೇಗೆ?

ಉತ್ತರ: 11 ಸಲ ಎಂದು ಎಣಿಸಿ ಬರೆದಿದ್ದೀರಿ. ಲೆಕ್ಕ ಬರೆಯುವವರ ಕೈ ಅಲ್ವಾ, ಅಂದುಕೊಂಡೆ. ಆ ಅಭ್ಯಾಸ ಮುಂದೆ ಉಪಯೋಗಕ್ಕೆ ಬರುತ್ತದೆ.

ಮೊದಲು ನಿಮ್ಮನ್ನು ಹೆದರಿಸಿದ ಮಾತು. ಅರ್ಧ ಗಂಟೆ ಗೊಣಗಿದರೆ ಮೆದುಳು ಕುಗ್ಗುತ್ತದೆ ಅನ್ನೋದು ಸುಳ್ಳು. ಆ ಸಂದೇಶ ನನ್ನ ಫೋನಿಗೂ ವರ್ಷಕ್ಕೆ ಮೂರ್ನಾಲ್ಕು ಸಲ ಬರುತ್ತದೆ, ಪ್ರತಿ ಸಲ ಒಂದು ಗುಲಾಬಿ ಹೂವಿನ ಚಿತ್ರದ ಜೊತೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ಸಪೋಲ್ಸ್ಕಿ 1996ರಲ್ಲಿ ಒಂದು ಲೇಖನ ಬರೆದಿದ್ದರು. ಒತ್ತಡದ ಹಾರ್ಮೋನು ಬಹಳ ಕಾಲ ಏರಿಯೇ ಇದ್ದರೆ ಮೆದುಳಿನಲ್ಲಿ ನೆನಪು ನೋಡಿಕೊಳ್ಳುವ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಏನಾಗಬಹುದು ಅನ್ನೋದು ಅದರ ವಿಷಯ. ಅಲ್ಲಿ ಬರುವವರು ದೀರ್ಘ ಖಿನ್ನತೆ ಅನುಭವಿಸಿದವರು, ಯುದ್ಧದ ಆಘಾತ ಕಂಡವರು. ಅದು ಬಾಯಿಂದ ಬಾಯಿಗೆ ಬರುವಷ್ಟರಲ್ಲಿ "ಒತ್ತಡ" ಹೋಗಿ "ಗೊಣಗಾಟ" ಆಯಿತು, ವರ್ಷಗಳು ಹೋಗಿ ಅರ್ಧ ಗಂಟೆ ಆಯಿತು. ನಿಮ್ಮ ಮೆದುಳಿಗೆ ಏನೂ ಆಗಿಲ್ಲ. ಕಾಗುಣಿತ ತಪ್ಪಿಲ್ಲದೆ ಇಷ್ಟುದ್ದ ಪತ್ರ ಬರೆದಿದ್ದೀರಿ.

21 ದಿನದ ಕಥೆಯೂ ಹೀಗೇ. 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್, ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕಡಿಮೆ ಎಂದರೂ 21 ದಿನ ಬೇಕು ಎಂದು ಬರೆದರು. "ಕಡಿಮೆ ಎಂದರೂ" ಎಂಬುದನ್ನು ಎಲ್ಲರೂ ಮರೆತರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಇಟ್ಟುಕೊಂಡು ನೋಡಿದಾಗ, ಒಂದು ಸಣ್ಣ ರೂಢಿ ಕೂಡಿಬರಲು ಸರಾಸರಿ 66 ದಿನ ಹಿಡಿಯುತ್ತದೆ ಎಂದು ಅಂದಾಜಾಯಿತು. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ ಎಂದೂ ಕಂಡಿತು. ನಿಮ್ಮ ರಬ್ಬರ್ ಬ್ಯಾಂಡ್ ಇದಕ್ಕೆ ಪೂರ್ತಿ ಉಲ್ಟಾ. ಒಂದು ಸಲ ಬಾಯಿ ತಪ್ಪಿದರೆ ಲೆಕ್ಕ ಸೊನ್ನೆಗೆ ಬರುತ್ತದೆ. ಲಕ್ವದ ರೋಗಿ ಇರುವ ಮನೆಯಲ್ಲಿ ಈ ಆಟ ಯಾರಿಂದಲೂ ಗೆಲ್ಲಲಾಗದು. ಕಿತ್ತು ಒಗೆದದ್ದು ಒಳ್ಳೆಯದೇ ಆಯಿತು.

ಇನ್ನು ಗಂಡನ ಗಾದೆ. ಗಾದೆ ಚೆನ್ನಾಗಿದೆ, ಆದರೆ ಕೆಲವು ಸಲ ನೆಲ ನಿಜವಾಗ್ಲೂ ಡೊಂಕೇ ಇರುತ್ತದೆ. ನಿಮ್ಮ ಪತ್ರದಲ್ಲಿ ಕಲ್ಪನೆಯ ತಕರಾರು ಒಂದೂ ಇಲ್ಲ. ನೀರು ರಾತ್ರಿ ಬರುತ್ತದೆ, ನಿಜ. ಏಳುವವರು ನೀವೊಬ್ಬರೇ, ನಿಜ. ಮೈದುನ ಕೈ ಹಚ್ಚುವುದಿಲ್ಲ, ನಿಜ. ಇದನ್ನೆಲ್ಲ ಹೇಳುವವರನ್ನು "ನೆಗೆಟಿವ್" ಎಂದು ಕರೆದರೆ ಜ್ವರ ತೋರಿಸಿದ ಥರ್ಮಾಮೀಟರನ್ನು ಬೈದಂತೆ.

ಹಾಗಾದರೆ ಎಲ್ಲ ಸರಿ ಇದೆಯಾ? ಅದೂ ಅಲ್ಲ. ಮಗಳು ಸುಮ್ನೆ ಅಂದಿಲ್ಲ, ಗೆಳತಿಯರು ಸುಮ್ನೆ ಮೊಬೈಲ್ ತೆಗೆದಿಲ್ಲ.

ನಮ್ಮ ಮಾತಿನಲ್ಲಿ ಇದಕ್ಕೆ ಎಷ್ಟು ಶಬ್ದಗಳಿವೆ ನೋಡಿ. ಗೊಣಗುವುದು ಬೇರೆ, ಅಳಲು ತೋಡಿಕೊಳ್ಳುವುದು ಬೇರೆ, ತಕರಾರು ಕೊಡುವುದು ಬೇರೆ. ಚಿಗರಿ ಬಸ್ಸಿನಲ್ಲಿ ಪಕ್ಕದವರು "ಏನ್ ಬಿಸಲ್ರೀ ಯಪ್ಪಾ" ಅನ್ನುತ್ತಾರಲ್ಲ, ಅದು ಇನ್ನೂ ಬೇರೆ. ಅದು ದೂರೇ ಅಲ್ಲ, ಪರಿಚಯದ ಮಾತು. ಹುಬ್ಬಳ್ಳಿಯಲ್ಲಿ ಹತ್ತಿ ಧಾರವಾಡದಲ್ಲಿ ಇಳಿಯುವಷ್ಟರಲ್ಲಿ ಆ ಒಂದು ಬಿಸಿಲಿನಿಂದ ಇಬ್ಬರ ಮನೆಮಂದಿಯ ಕಥೆಯೆಲ್ಲ ಮುಗಿದಿರುತ್ತದೆ. ಅದನ್ನೂ ಬಿಡಿ ಎಂದು ಹೇಳುವವರ ಮಾತು ಕೇಳಬೇಡಿ.

ಇಲ್ಲಿ ಧಾರವಾಡದಲ್ಲಿ ಮನಶ್ಶಾಸ್ತ್ರಜ್ಞೆಯಾಗಿ ಜನರ ಮಾತು ಕೇಳುತ್ತಾ 22 ವರ್ಷವಾಯಿತು. ಇವುಗಳನ್ನು ಬೇರ್ಪಡಿಸಲು ನಾನು ಬಳಸುವುದು ಒಂದೇ ಪ್ರಶ್ನೆ: ಇದನ್ನು ಯಾರಿಗೆ ಹೇಳುತ್ತಿದ್ದೀರಿ? ಸರಿಪಡಿಸಬಲ್ಲವರಿಗೆ ಹೇಳಿದರೆ ಅದು ತಕರಾರು. ಸರಿಹೋಗದ ನೋವನ್ನು ಕೇಳಿಸಿಕೊಳ್ಳಬಲ್ಲವರಿಗೆ ಹೇಳಿದರೆ ಅದು ಅಳಲು. ಸರಿಪಡಿಸಲೂ ಆಗದ, ಕೇಳಿ ಕೇಳಿ ಸಾಕಾದ ಕಿವಿಗೆ ಅದನ್ನೇ ಮತ್ತೆ ಹೇಳಿದರೆ ಗೊಣಗಾಟ. ಮಾತು ಅದೇ, ವಿಳಾಸ ಮಾತ್ರ ಬೇರೆ.

ಈಗ ನಿಮ್ಮ ಪತ್ರ ಮತ್ತೊಮ್ಮೆ ಓದಿ. ಮೈದುನನ ವಿಷಯ ಯಾರಿಗೆ ಹೇಳುತ್ತೀರಿ? ಮಗಳಿಗೆ, ಆಫೀಸಿನ ಗೆಳತಿಯರಿಗೆ. ನೀರಿನ ವಿಷಯ? ಮತ್ತೆ ಅವರಿಗೇ. ಮೈದುನನಿಗೆ ಏನು ಹೇಳುತ್ತೀರಿ ಎಂದು ನೀವು ಬರೆದಿಲ್ಲ. ಬಹುಶಃ "ಆರಾಮದಾರ" ಎಂದು ಹೇಳಿ ಫೋನ್ ಇಡುತ್ತೀರಿ. ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ ಅನ್ನೋದು ಇದಕ್ಕೇ. ನಿಮ್ಮ ಮನೆಯಲ್ಲಿ ಆ ಕೊತ್ತಿ ಪಿಯುಸಿ ಓದುತ್ತಿದೆ.

ಹೇಳಿಕೊಂಡರೆ ಹಗುರಾಗುತ್ತದಲ್ಲ ಎಂದು ಕೇಳುತ್ತೀರಿ. ಮನಸ್ಸು ಕುಕ್ಕರ್ ಇದ್ದಂತೆ, ಸೀಟಿ ಹೊಡೆದು ಹಬೆ ಹೋದರೆ ತಣ್ಣಗಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. 2002ರಲ್ಲಿ ಬ್ರಾಡ್ ಬುಶ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 600 ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದರು. ವಿದ್ಯಾರ್ಥಿಗಳು ಬರೆದ ಪ್ರಬಂಧವನ್ನು ಹೀಯಾಳಿಸಿ ಸಿಟ್ಟು ಬರಿಸಿದರು. ಆಮೇಲೆ ಕೆಲವರು ಹೀಯಾಳಿಸಿದವನನ್ನೇ ನೆನೆಯುತ್ತಾ ಗುದ್ದುಚೀಲಕ್ಕೆ ಗುದ್ದಿದರು, ಕೆಲವರು ವ್ಯಾಯಾಮ ಎಂದುಕೊಂಡು ಗುದ್ದಿದರು, ಕೆಲವರು ಎರಡು ನಿಮಿಷ ಸುಮ್ಮನೆ ಕೂತರು. ಕೊನೆಗೆ ಸಿಟ್ಟು ಎಲ್ಲರಿಗಿಂತ ಜಾಸ್ತಿ ಉಳಿದದ್ದು ಅವನನ್ನೇ ನೆನೆದು ಗುದ್ದಿದವರಲ್ಲಿ. ಸುಮ್ಮನೆ ಕೂತವರೇ ಹೆಚ್ಚು ಶಾಂತವಾಗಿದ್ದರು. ಹೇಳಿದ್ದನ್ನೇ ಹೇಳುವುದು ಹಬೆ ಬಿಟ್ಟಂತೆ ಅಲ್ಲ, ಒಲೆಗೆ ಇನ್ನೊಂದು ಕಟ್ಟಿಗೆ ಇಟ್ಟಂತೆ.

ಹಾಗೆಂದು ಮನಸ್ಸಿನಲ್ಲಿ ಇಲ್ಲದ ಪಾಸಿಟಿವ್ ಮಾತನ್ನು ಬಾಯಲ್ಲಿ ಹೇಳಿಕೊಳ್ಳುವುದೂ ಉಪಾಯವಲ್ಲ. ಕೆನಡಾದ ಜೊಆನ್ ವುಡ್ ಮತ್ತು ಜೊತೆಗಾರರು 2009ರಲ್ಲಿ ಇದನ್ನು ನೋಡಿದರು. ತಮ್ಮ ಬಗ್ಗೆ ತಮಗೇ ಕೀಳರಿಮೆ ಇರುವವರಿಗೆ "ನಾನು ಎಲ್ಲರ ಪ್ರೀತಿಗೆ ಯೋಗ್ಯಳು" ಎಂಬಂಥ ಮಾತನ್ನು ಮತ್ತೆ ಮತ್ತೆ ಹೇಳಿಕೊಳ್ಳಲು ಹೇಳಿದರೆ ಅವರಿಗೆ, ಹಾಗೆ ಹೇಳಿಕೊಳ್ಳದವರಿಗಿಂತ ಕೆಟ್ಟದೆನಿಸಿತು. ಒಳಗಿನ ದನಿ "ಸುಳ್ಳು" ಎಂದು ಕೂಗುತ್ತದಲ್ಲ, ಅದಕ್ಕೆ. ಕನ್ನಡಿ ಮುಂದೆ ನಿಂತು "ನನ್ನ ಜೀವನ ಸುಂದರ" ಎನ್ನಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ರಾತ್ರಿ ಎರಡಕ್ಕೆ ಎದ್ದು ಟಾಕಿ ತುಂಬಿದವರಿಗಂತೂ ಖಂಡಿತ ಇಲ್ಲ.

ನಿಮ್ಮ ಬಾಯಲ್ಲಿ ಅದದೇ ಮಾತು ಯಾಕೆ ಬರುತ್ತದೆ? ಒಂದು ಕಾರಣ, ಮುಗಿಯದ ಕೆಲಸ. ಮುಗಿಯದ್ದು ತಲೆಯೊಳಗೆ ಬಾಕಿ ಎಂದು ಕೂತಿರುತ್ತದೆ, ಆಗಾಗ ಎದ್ದು ನೆನಪು ಮಾಡುತ್ತದೆ. 2011ರಲ್ಲಿ ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಸಂಶೋಧಕರು ಇದರಲ್ಲಿ ಒಂದು ಸ್ವಾರಸ್ಯ ಕಂಡರು. ಕೆಲಸ ಮುಗಿಯಲೇಬೇಕು ಎಂದೇನಿಲ್ಲ. ಅದನ್ನು ಯಾವಾಗ, ಎಲ್ಲಿ, ಹೇಗೆ ಮಾಡುತ್ತೇನೆ ಎಂದು ಖಚಿತವಾಗಿ ಗೊತ್ತುಮಾಡಿದರೂ ತಲೆ ಆ ಕಾಟ ನಿಲ್ಲಿಸುತ್ತದೆ. ನೀವು ಲೆಕ್ಕದವರು, ಬೇಗ ಅರ್ಥವಾಗುತ್ತದೆ. ಬಾಕಿಗೆ ಒಂದು ತಾರೀಖು ಬಿದ್ದರೆ ಅರ್ಧ ನೆಮ್ಮದಿ.

ಎರಡನೆಯದು ಇನ್ನೂ ಆಳದ್ದು. 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಇಂದಿಗೆ ಅದು ಕ್ರೂರ ಎನಿಸುತ್ತದೆ. ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ತಿಂದ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ಸಣ್ಣ ತಡೆ ಹಾರಿದರೆ ತಪ್ಪಿಸಿಕೊಳ್ಳಬಹುದಾದ ಕಡೆಯಲ್ಲೂ ಹಾರಲಿಲ್ಲ. ಕುಂಯ್‌ಗುಡುತ್ತಾ ಮಲಗಿದವು. "ಏನ್ ಮಾಡಿದ್ರೂ ಅಷ್ಟ" ಅನ್ನೋದನ್ನು ಅವು ಕಲಿತಿವೆ ಎಂದು ಅವರು ಆಗ ಹೇಳಿದರು. ಸುಮಾರು ಐವತ್ತು ವರ್ಷದ ಬಳಿಕ, 2016ರಲ್ಲಿ, ಅದೇ ಇಬ್ಬರು ತಮ್ಮ ಮಾತನ್ನು ತಾವೇ ತಿರುಗಿಸಿದರು. ಕೈಚೆಲ್ಲುವುದನ್ನು ಯಾರೂ ಕಲಿಯುವುದಿಲ್ಲ, ಬಹಳ ದಿನ ಪೆಟ್ಟು ಬಿದ್ದರೆ ಜೀವ ತಾನಾಗಿಯೇ ಹಾಗೆ ಮುದುಡುತ್ತದೆ. ಕಲಿಯಬೇಕಾದದ್ದು "ನನ್ನ ಕೈಯಲ್ಲಿ ಏನೋ ಇದೆ" ಅನ್ನೋದನ್ನು ಎಂದರು. ವಿಜ್ಞಾನಿಗಳು ತಮ್ಮದೇ ಹೆಸರಾಂತ ಸಿದ್ಧಾಂತವನ್ನು ಹೀಗೆ ಮಗುಚುವುದು ಅಪರೂಪ, ಅದಕ್ಕೇ ನನಗೆ ಅವರ ಮೇಲೆ ಗೌರವ. ನಿಮಗೆ ಇದರಲ್ಲಿ ಬೇಕಾದ್ದು ಇಷ್ಟು: ಮನಸ್ಸು ಸರಿಯಾದ ಮೇಲೆ ಕೈ ಹಚ್ಚುತ್ತೇನೆ ಎಂದು ಕಾಯಬೇಡಿ. ಒಂದು ಸಣ್ಣ ಕಡೆ ಕೈ ಹಚ್ಚಿ ಅದು ಆದರೆ ಮನಸ್ಸು ಹಿಂದೆ ಬರುತ್ತದೆ.

ನನ್ನಲ್ಲಿಗೆ ಬಂದ ಒಬ್ಬರ ಕಥೆ ಹೇಳುತ್ತೇನೆ, ಗುರುತು ಸಿಗದಂತೆ ಬದಲಿಸಿ. ಗದಗ ಕಡೆಯ ನಿವೃತ್ತ ಮೇಷ್ಟ್ರು. ಬರಬೇಕಾದ ಬಾಕಿ ಹಣ ಬಂದಿಲ್ಲ ಎಂದು ನಾಲ್ಕು ವರ್ಷದಿಂದ ಗೊಣಗುತ್ತಿದ್ದರು. ಚಾದ ಅಂಗಡಿ, ಗುಡಿ ಕಟ್ಟೆ, ಮದುವೆ ಮನೆ, ಎಲ್ಲಾ ಕಡೆ ಅದೇ. ಹೆಂಡತಿ ಕೈ ಹಿಡಿದು ಎಳೆದುಕೊಂಡು ಬಂದಿದ್ದರು. "ಅರ್ಜಿ ಕೊಟ್ಟ ತಾರೀಖು ಹೇಳ್ರಿ ಸರ್" ಎಂದೆ. ಸುಮ್ಮನಾದರು. ಅರ್ಜಿಯನ್ನೇ ಕೊಟ್ಟಿರಲಿಲ್ಲ. "ಕೊಟ್ಟರ ಏನಾಗ್ತದ್ರಿ" ಎಂದರು. ನಾಲ್ಕು ವರ್ಷದಲ್ಲಿ ಊರಿಗೆಲ್ಲ ಹೇಳಿದ್ದರು, ಆ ಕಚೇರಿಗೆ ಒಂದು ಸಾಲು ಬರೆದಿರಲಿಲ್ಲ. ಕೊನೆಗೆ ಕೊಟ್ಟರು. ಏಳು ತಿಂಗಳು ಹಿಡಿಯಿತು, ಹಣ ಪೂರ್ತಿ ಬರಲಿಲ್ಲ. ಆದರೆ ಅವರ ಗೊಣಗಾಟ ಇಳಿದದ್ದು ಹಣ ಬಂದ ದಿನದಿಂದಲ್ಲ, ಅರ್ಜಿಗೆ ಮುದ್ರೆ ಹಾಕಿಸಿಕೊಂಡು ಬಂದ ದಿನದಿಂದ. ಆಮೇಲೆ ನನ್ನ ಫೀಸು ಜಾಸ್ತಿ ಎಂದು ಶುರು ಮಾಡಿದರು, ಅದು ಬೇರೆ ಮಾತು. ಅದನ್ನು ನನಗೇ ಹೇಳಿದರು, ನಾನೂ ಕಡಿಮೆ ಮಾಡಿದೆ.

ನಮ್ಮ ಭಾಗದವರಿಗೆ ಇದೇನು ಹೊಸದಲ್ಲ. ಒಂದು ಕೇಸಿಗಾಗಿ ಬೆಂಗಳೂರಿಗೆ ನಾನೂರು ಕಿಲೋಮೀಟರ್ ಓಡಾಡಬೇಕು ಅನ್ನೋ ಗೊಣಗಾಟ ಇಲ್ಲಿಯ ಜನರಲ್ಲಿ ಎಷ್ಟೋ ವರ್ಷ ಇತ್ತು. ವಕೀಲರು ಅದನ್ನು ಬೇಡಿಕೆಯಾಗಿ ಮಾಡಿ, ಕೇಳಬೇಕಾದವರನ್ನೇ ಮತ್ತೆ ಮತ್ತೆ ಕೇಳಿದರು. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಆ ವಕೀಲರಿಗೆ ಯಾರಾದರೂ ರಬ್ಬರ್ ಬ್ಯಾಂಡ್ ಕೊಟ್ಟಿದ್ದರೆ?

ಈಗ ನೀವು ಮಾಡಬಹುದಾದದ್ದು. ಒಂದು ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ, ಖಾತೆ ಪುಸ್ತಕದಂತೆ ಗೆರೆ ಎಳೆಯಿರಿ. ಒಂದು ವಾರ ಬಾಯಿಗೆ ಬಂದ ತಕರಾರನ್ನೆಲ್ಲ ಬರೆಯಿರಿ. ತಡೆಯಬೇಡಿ, ಬರೆಯಿರಿ ಅಷ್ಟೇ. ಅದರ ಪಕ್ಕದ ಅಂಕಣದಲ್ಲಿ, ಇದನ್ನು ಸರಿಪಡಿಸಬಲ್ಲವರು ಯಾರು? ಅದರ ಪಕ್ಕ, ಅವರಿಗೆ ನಾನು ಬಾಯಿ ಬಿಟ್ಟು ಹೇಳಿದ್ದೇನಾ, ಯಾವತ್ತು? ವಾರದ ಕೊನೆಗೆ ನೋಡಿದರೆ ಐವತ್ತು ತಕರಾರು ಇರುವುದಿಲ್ಲ, ನಾಲ್ಕೈದು ಇರುತ್ತವೆ. ಅವೇ ಸುತ್ತು ಹೊಡೆಯುತ್ತಿರುತ್ತವೆ. ಮೂರನೇ ಅಂಕಣ ಬಹಳಷ್ಟು ಖಾಲಿ ಇರುತ್ತದೆ. ಇದರಲ್ಲಿ ಒಂದು ಅಪಾಯ ಉಂಟು. ಬರೆದದ್ದನ್ನು ದಿನಾ ಓದಿ ಓದಿ ಸಿಟ್ಟು ಹೆಚ್ಚಿಸಿಕೊಳ್ಳುವವರಿದ್ದಾರೆ. ಹಾಗಾದರೆ ವಾರಕ್ಕೇ ನಿಲ್ಲಿಸಿ.

ನೀರಿನಿಂದ ಶುರು ಮಾಡೋಣ, ಅದು ಸುಲಭ. ಇದರಲ್ಲಿ ಎರಡು ತಕರಾರು ಸೇರಿಕೊಂಡಿವೆ. ನೀರು ರಾತ್ರಿ ಬರುವುದು ಒಂದು. ನೀವೊಬ್ಬರೇ ಏಳುವುದು ಇನ್ನೊಂದು. ಎರಡನೆಯದರ ವಿಳಾಸ ಮನೆಯೊಳಗೇ ಇದೆ. "ಯಾರೂ ಏನೂ ಮಾಡೋದಿಲ್ಲ, ಯಾವಾಗ್ಲೂ ನಾನೇ" ಎಂಬ ವಾಕ್ಯಕ್ಕೆ ಯಾರೂ ಉತ್ತರ ಕೊಡಲಾರರು, ಅದರಲ್ಲಿ ಯಾರ ಹೆಸರೂ ಇಲ್ಲ. "ಯಾರೂ", "ಏನೂ", "ಯಾವಾಗ್ಲೂ" ಬಂದ ಕಡೆ ಕೇಳುವವರ ಕಿವಿ ಮುಚ್ಚುತ್ತದೆ. ಬದಲಿಗೆ ಗಂಡನಿಗೆ "ಈ ಸಲ ನೀರು ಬಂದಾಗ ನೀವು ಏಳ್ರಿ, ಮುಂದಿನ ಸಲ ನಾನು" ಎನ್ನಿ. ಮಧ್ಯರಾತ್ರಿ ಅಲ್ಲ, ಹಗಲು, ಊಟವಾದ ಮೇಲೆ. ಮಗಳಿಗೆ ಪರೀಕ್ಷೆ ಇಲ್ಲದ ವಾರ ಅವಳ ಪಾಳಿ. ನೆಲದೊಳಗೆ ಸಂಪ್ ಇದ್ದರೆ, ತುಂಬಿದ ಕೂಡಲೇ ತಾನೇ ಮುಚ್ಚಿಕೊಳ್ಳುವ ತೇಲುಚೆಂಡಿನ ವಾಲ್ವ್ ಹಾಕಿಸಿ. ಆಗ ಯಾರೂ ಏಳಬೇಕಿಲ್ಲ. ಎಷ್ಟೋ ಮನೆಗಳಲ್ಲಿ ಗಂಡ-ಹೆಂಡತಿ ಜಗಳವನ್ನು ನನಗಿಂತ ಚೆನ್ನಾಗಿ ಪ್ಲಂಬರ್ ಬಿಡಿಸಿದ್ದಾನೆ.

ಮೊದಲನೆಯದಕ್ಕೆ ವಿಳಾಸ ಹೊರಗಿದೆ. ಒಬ್ಬರೇ ಫೋನಿನಲ್ಲಿ ಕೂಗಾಡಿದರೆ ಗಂಟಲು ಹೋಗುತ್ತದೆ ಅಷ್ಟೇ. ಓಣಿಯ ಎಂಟು-ಹತ್ತು ಮನೆಯವರ ಸಹಿ ಹಾಕಿಸಿ ಬರಹದಲ್ಲಿ ಕೊಡಿ. ದೂರಿನ ನಂಬರ್ ಮತ್ತು ತಾರೀಖು ತಪ್ಪದೆ ಪಡೆಯಿರಿ. ರಾಜ್ಯ ಸರ್ಕಾರದ 1902 ಸಹಾಯವಾಣಿಯಲ್ಲೂ ದಾಖಲಿಸಬಹುದು. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ, ನಮ್ಮ ಓಣಿಯ ನೀರಿನ ವೇಳಾಪಟ್ಟಿ ಏನು, ನಮ್ಮ ಅರ್ಜಿಯ ಮೇಲೆ ಏನು ಕ್ರಮವಾಗಿದೆ ಎಂದು ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಇದರಿಂದ ನೀರು ಹಗಲು ಬಂದೇ ಬರುತ್ತದೆ ಎಂದು ನಾನು ಹೇಳಲಾರೆ. ಓಡಾಟ ಉಂಟು, ನಿರಾಸೆಯೂ ಆಗಬಹುದು. ಅದಕ್ಕೇ ಗುಂಪಿನಲ್ಲಿ ಮಾಡಿ, ಅರ್ಜಿ ಹಿಂದೆ ಓಡುವ ಕೆಲಸ ನಿಮ್ಮ ತಲೆಗೇ ಕಟ್ಟಿಕೊಳ್ಳಬೇಡಿ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. "ಗೊಣಗಬೇಡಿ, ಕೆಲಸ ಮಾಡಿ" ಎಂಬ ಉಪದೇಶ ಬರೆಯುವವರು ಹೆಚ್ಚಾಗಿ ನೀರು ಹಿಡಿಯುವವರಲ್ಲ. ನೀವು ಬೆಳಿಗ್ಗೆ ಎದ್ದಾಗಿನಿಂದ ಕೆಲಸದಲ್ಲೇ ಇದ್ದೀರಿ. ನಿಮಗೆ ಇನ್ನಷ್ಟು ಮಾಡಿ ಎಂದರೆ ಅದು ಅನ್ಯಾಯ. ಎಷ್ಟೋ ಹೆಂಗಸರ ಮಟ್ಟಿಗೆ, ಮಾಡಬೇಕಾದ ಕೆಲಸ ಅಂದರೆ ಒಂದು ಕೆಲಸ ಕೈಬಿಡುವುದು. ಗೊಣಗುತ್ತಾ ಎಲ್ಲವನ್ನೂ ಮಾಡಿ ಮುಗಿಸುವವರ ಮನೆಯಲ್ಲಿ ಉಳಿದವರು ಒಂದು ಪಾಠ ಕಲಿಯುತ್ತಾರೆ: ಸ್ವಲ್ಪ ಹೊತ್ತು ಕಿವಿ ಮುಚ್ಚಿಕೊಂಡರೆ ಸಾಕು, ಕೆಲಸ ತಾನೇ ಆಗುತ್ತದೆ. ಗೊಣಗಾಟದಿಂದ ನಿಮಗೂ ಒಂದು ಸಣ್ಣ ಲಾಭ ಇದೆ, ನೋವಾದರೆ ಕ್ಷಮಿಸಿ. "ಪಾಪ, ಎಷ್ಟ್ ಮಾಡ್ತಾಳ" ಎಂಬ ಮಾತು ಸಿಗುತ್ತದೆ. ಪಾಳಿ ಹಂಚಿದರೆ ಆ ಮಾತೂ ಹಂಚಿಹೋಗುತ್ತದೆ. ಗಂಡ ಟಾಕಿ ತುಂಬುವಾಗ ನೀರು ಚೆಲ್ಲಿದರೆ ಎದ್ದು ಹೋಗಿ ಸರಿಮಾಡದೆ ಮಲಗಿರುತ್ತೀರಾ? ಇದು ಹೇಳಿದಷ್ಟು ಸುಲಭವಲ್ಲ.

ಮೈದುನನ ವಿಷಯ ಕಠಿಣ. ನೀವೇ ನೇರವಾಗಿ ಕೇಳಿದರೆ "ವೈನಿ ಲೆಕ್ಕ ಕೇಳ್ತಾಳ" ಎಂಬ ಮಾತು ಹುಟ್ಟುವ ಸಂಭವ ಜಾಸ್ತಿ. ಹಾಸಿಗೆ ಹಿಡಿದವರು ಅವರಿಬ್ಬರ ತಾಯಿ. ಮಾತು ಆಡಬೇಕಾದವರು ನಿಮ್ಮ ಗಂಡ. ಹಾಗಾಗಿ ನಿಮ್ಮ ತಕರಾರಿನ ವಿಳಾಸ ಗಂಡ, ಗಂಡನ ತಕರಾರಿನ ವಿಳಾಸ ತಮ್ಮ. ಗಂಡ ಮಾತಾಡುವ ಮೊದಲು ಕಾಗದದ ಮೇಲೆ ಖರ್ಚು ಬರೆದುಕೊಡಿ: ಔಷಧಿ, ಡೈಪರ್, ಫಿಸಿಯೋಥೆರಪಿ, ಆಯಾ ಇಟ್ಟರೆ ಅವರ ಪಗಾರ. ಕೇಳಬೇಕಾದದ್ದು "ನೀನು ಏನೂ ಮಾಡ್ತಿಲ್ಲ" ಎಂದಲ್ಲ. "ತಿಂಗಳಿಗೆ ಇದರಲ್ಲಿ ಅರ್ಧ ಕೊಡು. ಆಗದಿದ್ದರೆ ಮೂರು ತಿಂಗಳಿಗೊಮ್ಮೆ ಹತ್ತು ದಿನ ಬಂದು ಅವ್ವನ ಜೋಡಿ ಇರು. ಯಾವುದು ಆಗ್ತದ, ಭಾನುವಾರದೊಳಗ ಹೇಳು." ಎರಡರಲ್ಲಿ ಒಂದು ಆರಿಸು ಎಂದರೆ "ನೋಡೋಣ" ಅನ್ನೋದು ಸ್ವಲ್ಪ ಕಷ್ಟವಾಗುತ್ತದೆ. ಅಪಾಯ ಏನು? ಮುನಿಸಿಕೊಳ್ಳಬಹುದು, ದೀಪಾವಳಿಗೆ ಬಾರದೆ ಹೋಗಬಹುದು, ನೆಗೆಣ್ಣಿ ಆಸ್ತಿಯ ಮಾತು ತೆಗೆಯಬಹುದು. ಗಂಡನೇ ಬಾಯಿ ಬಿಡದೆ ಇರಬಹುದು. ಆಗ ನಿಮ್ಮ ನಿಜವಾದ ತಕರಾರು ಯಾರ ಮೇಲೆ ಎಂದು ನಿಮಗೇ ಗೊತ್ತಾಗುತ್ತದೆ. ಹೆತ್ತವರನ್ನು ನೋಡಿಕೊಳ್ಳುವುದು ಮಕ್ಕಳ ಹೊಣೆ ಎನ್ನುವ 2007ರ ಕಾಯ್ದೆಯೂ ಇದೆ, ಅದರಡಿ ನಿಮ್ಮ ಅತ್ತೆ ಅರ್ಜಿ ಹಾಕಬಹುದು. ನಾನಾದರೆ ಅಲ್ಲಿಂದ ಶುರು ಮಾಡುವುದಿಲ್ಲ.

ಕಚೇರಿಯ ತಕರಾರು ಇದ್ದರೆ ಜಾಗ್ರತೆ. ಸರಿಪಡಿಸಬಲ್ಲವರೇ ನಿಮ್ಮ ಪಗಾರ ಕೊಡುವವರಾದಾಗ ನೇರ ವಿಳಾಸ ದುಬಾರಿ ಬೀಳಬಹುದು. ಬರಹದಲ್ಲಿ, ಒಂದು ಸಲಕ್ಕೆ ಒಂದೇ ವಿಷಯ. ಇನ್ನೊಂದು ಮಾತನ್ನು ನಿಮಗಲ್ಲ, ಇದನ್ನು ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಅಲ್ಲಿ ಮನಸ್ಸು ಬದಲಿಸಿಕೊಳ್ಳುವ ಮಾತೇ ಇಲ್ಲ. 181 ಮಹಿಳಾ ಸಹಾಯವಾಣಿ, ತುರ್ತಿಗೆ 112.

ಇಷ್ಟೆಲ್ಲ ಆದ ಮೇಲೂ ನಿಮ್ಮ ಪುಸ್ತಕದಲ್ಲಿ ಒಂದು ಸಾಲು ವಿಳಾಸ ಇಲ್ಲದೆ ಉಳಿಯುತ್ತದೆ. ಅತ್ತೆಯ ಕಾಯಿಲೆ. ಅದನ್ನು ಸರಿಪಡಿಸುವವರು ಯಾರೂ ಇಲ್ಲ. ಒಂದು ಕಾಲಕ್ಕೆ ಓಡಾಡಿಕೊಂಡು ನಿಮಗೆ ಕಸೂತಿಯೋ ಹೋಳಿಗೆಯೋ ಕಲಿಸಿದ ಹೆಂಗಸು ಈಗ ಮಗ್ಗುಲು ತಿರುಗಲೂ ನಿಮ್ಮನ್ನು ಕರೆಯುತ್ತಾರೆ. ಇದಕ್ಕೆ ಹೇಳುವ ಮಾತು ಗೊಣಗಾಟವಲ್ಲ, ದುಃಖ. ಬಹಳ ಜನ ದುಃಖವನ್ನು ದುಃಖ ಎಂದು ಹೇಳಲು ಬರದೆ ನೀರು, ಸೊಪ್ಪಿನ ರೇಟು, ಪಕ್ಕದ ಮನೆಯವರ ಬೈಕ್ ಎಂದು ತಿರುಗಿಸಿ ಹೇಳುತ್ತಾರೆ. ನಿಮ್ಮ 11ರಲ್ಲಿ ನಾಲ್ಕಾದರೂ ಇದೇ ಎಂದು ನನ್ನ ಊಹೆ. ಇದಕ್ಕೆ ಬೇಕಾದದ್ದು ಕೇಳುವ ಒಂದು ಕಿವಿ. ಗೆಳತಿಯರಲ್ಲಿ ಒಬ್ಬರನ್ನು ಆರಿಸಿಕೊಳ್ಳಿ. "ಹತ್ತು ನಿಮಿಷ ಸುಮ್ನೆ ಕೇಳು, ಪರಿಹಾರ ಹೇಳಬ್ಯಾಡ" ಎಂದು ಮೊದಲೇ ಹೇಳಿ. ಮುಗಿದ ಮೇಲೆ ಅವಳ ಕಥೆ ಕೇಳಿ. ದಿನಾ ಇದೇ ಆದರೆ ಬೇರೆ ತೊಂದರೆ. ಅಮಾಂಡಾ ರೋಸ್ ಎಂಬ ಸಂಶೋಧಕಿ 2002ರಲ್ಲಿ ಶಾಲಾ ಮಕ್ಕಳಲ್ಲಿ ನೋಡಿದಂತೆ, ಕೂಡಿ ಕೂತು ಒಂದೇ ಕಷ್ಟವನ್ನು ಕೆದಕುವ ಗೆಳೆತನ ಗಟ್ಟಿಯಾಗಿರುತ್ತದೆ, ಜೊತೆಗೆ ಬೇಸರ, ಆತಂಕವೂ ಹೆಚ್ಚಿರುತ್ತದೆ.

ದೇಹವನ್ನೂ ಮರೆಯಬೇಡಿ. 46 ಅಂದರೆ ಮುಟ್ಟು ನಿಲ್ಲುವ ಮುಂಚಿನ ಕಾಲ. ನಿದ್ದೆ ಕೆಡುವುದು, ಸಣ್ಣದಕ್ಕೆ ರೇಗುವುದು ಇದರಿಂದಲೂ ಆಗುತ್ತದೆ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಒಮ್ಮೆ ಪರೀಕ್ಷೆ ಮಾಡಿಸಿ. ಸ್ವಭಾವ ಎಂದು ಬೈಸಿಕೊಂಡವರ ರಕ್ತದಲ್ಲಿ ಕಬ್ಬಿಣಾಂಶ ಇಲ್ಲದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಮನಸ್ಸಿಲ್ಲ, ಊಟ ನಿದ್ದೆ ಕೆಟ್ಟಿದೆ, ಬದುಕಿ ಏನು ಎನಿಸುತ್ತದೆ ಎಂದಾದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಬರಬಹುದು. ಬರಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಮಗಳು. ಅವಳ ಮಾತು ನಿಮಗೆ ಚುಚ್ಚಿತು, ಸರಿ. ಆದರೆ ಅದೂ ಒಂದು ತಕರಾರೇ. ಮತ್ತೆ ನೋಡಿ, ಅವಳು ಅದನ್ನು ಗೆಳತಿಯರ ಮುಂದೆ ಹೇಳಿಕೊಂಡು ತಿರುಗಲಿಲ್ಲ. ಸರಿಯಾದ ವಿಳಾಸಕ್ಕೆ, ನಿಮ್ಮ ಮುಖಕ್ಕೇ ಹೇಳಿದಳು. ನಿಮ್ಮ ಮನೆಯಲ್ಲಿ ಆ ಕೆಲಸ ಮೊದಲು ಮಾಡಿದವಳು ಅವಳೇ. "ನೀ ಅಂದದ್ದು ಕೇಳಿಸ್ತು" ಎಂದು ಅವಳಿಗೆ ಹೇಳಿ. ವಿವರಣೆ ಕೊಡಬೇಡಿ. ಆಮೇಲೆ ನೀರಿನ ಪಾಳಿಯ ಚೀಟಿಯನ್ನು ಅವಳ ಕೈಯಲ್ಲೇ ಬರೆಸಿ, ಅಡುಗೆಮನೆ ಬಾಗಿಲಿಗೆ ಅಂಟಿಸಿ. ಮುಂದಿನ ಸಲ ನೀರು ಬಂದ ರಾತ್ರಿ ಯಾರು ಎದ್ದರು, ನನಗೂ ಒಂದು ಸಾಲು ಬರೆಯಿರಿ.